ಏಣಿಯ ಎರಡನೆಯ ಮೆಟ್ಟಿಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಜಾತ್ರೆಗಳಲ್ಲಿ ಕುಸ್ತಿಯನ್ನು ಕಂಡವರಿಗೆ ಅಲ್ಲಿಯ ಕ್ರಮ ಪರಿಚಿತವಾದುದು. ಮೊದಲು ಕಣಕ್ಕಿಳಿಯುವವರು ಚಿಕ್ಕ ಹುಡುಗರು. ಗೆದ್ದವನಿಗೆ ಒಂದು ತೆಂಗಿನಕಾಯಿ ದೊರೆತರೂ ಅದು ಸಂಭ್ರಮವೇ. ಹೊತ್ತು ಇಳಿದಂತೆ ಜೋಡಿಗಳ ತೂಕವೂ ಬಹುಮಾನದ ಬೆಲೆಯೂ ಏರುತ್ತವೆ. ಸಂಜೆಯ ಕಡೆಯ ಜೋಡಿಗೆ ಬೆಳ್ಳಿಯ ಕಡಗ. ಈ ಸಲ ಕಾಯಿಗಾಗಿ ಸೆಣಸಿದ ಹುಡುಗ ಗೆಲ್ಲುತ್ತ ಬಂದನೆಂದರೆ ನಾಲ್ಕಾರು ಜಾತ್ರೆಗಳ ತರುವಾಯ ನಡುವಣ ಜೋಡಿಗೆ ಬಂದು ನಿಲ್ಲುತ್ತಾನೆ. ಕಡೆಯ ಜೋಡಿಯಲ್ಲಿ ಮೇಲಿಂದ ಮೇಲೆ ಚಿತ್ತಾದ ಪೈಲವಾನನನ್ನು ಹಿರಿಯರು ಮರುವರ್ಷ ಸದ್ದಿಲ್ಲದೆ ಕೆಳಗಿನ ಜೋಡಿಗೆ ಹಚ್ಚುತ್ತಾರೆ. ಯಾರೂ ಬರೆದಿಡದ ಈ ನಿಯಮವನ್ನು ಬರೆದಿಟ್ಟು, ಅಂಕಗಳಿಂದ ಅಳೆದು, ಒಬ್ಬ ಪೈಲವಾನನಿಗೆ ಬದಲಾಗಿ ಹನ್ನೊಂದು ಜನರ ತಂಡಕ್ಕೆ ಅನ್ವಯಿಸಿದರೆ ಕಾಲ್ಚೆಂಡಾಟದ ಲೀಗ್ ಪದ್ಧತಿಯ ತಿರುಳು ಕೈಗೆ ಸಿಕ್ಕಂತೆಯೇ.

ಈ ನಾಲ್ಕು ಸೀಮೆಗಳಲ್ಲಿ ಕಬಡ್ಡಿಗೆ, ಖೊಖೊಗೆ, ಸೈಕಲ್ ಪಂದ್ಯಕ್ಕೆ ಇರುವಷ್ಟು ಮನ್ನಣೆ ಕಾಲ್ಚೆಂಡಿಗೆ ಇಲ್ಲವೆಂಬುದು ನಿಜ. ಆದರೂ ದೂರದೇಶದ ಆಟಗಾರರ ಹೆಸರು ಬರೆದ ಅಂಗಿ ತೊಟ್ಟ ಹುಡುಗರು ಇಂದು ಇಲ್ಲಿಯ ಓಣಿಗಳಲ್ಲಿಯೂ ಕಾಣಸಿಗುತ್ತಾರೆ. ಮೆಸ್ಸಿ, ರೊನಾಲ್ಡೊ ಇವರ ಗೋಲುಗಳನ್ನು ಅವರು ಕೈಬೆರಳಿನಲ್ಲಿ ಎಣಿಸಿ ಹೇಳಬಲ್ಲರು. ಆದರೆ ಭಾರತದಲ್ಲಿ ಎರಡನೆಯ ಅಂತಸ್ತಿನ ವೃತ್ತಿಪರ ಲೀಗ್ ಒಂದಿದೆ, ಅದರಲ್ಲಿ ಬೆಂಗಳೂರಿನ ತಂಡಗಳೂ ಆಡಿವೆ, ಅಲ್ಲಿ ಏರುವುದು ಹೇಗೆ, ಇಳಿಯುವುದು ಹೇಗೆ ಎಂದು ಕೇಳಿದರೆ ಉತ್ತರ ಹೇಳುವವರು ವಿರಳ. ಮೇಲಿನ ಅಂತಸ್ತಿನ ಬೆಳಕು ಕಣ್ಣು ಕುಕ್ಕುವಾಗ ಕೆಳಗಿನ ಮೆಟ್ಟಿಲು ಕತ್ತಲಲ್ಲಿ ಉಳಿಯುವುದು ಸಹಜ.

ತಾಲೂಕಿನ ಶಾಲಾ ಕ್ರೀಡಾಕೂಟದಲ್ಲಿ ನಡೆಯುವುದು ಸೋತವರು ಹೊರನಡೆಯುವ ಪದ್ಧತಿ. ಅಲ್ಲಿ ಅದೃಷ್ಟಕ್ಕೆ ದೊಡ್ಡ ಪಾಲುಂಟು. ಒಂದು ಬೆಳಗಿನ ಎಡವಟ್ಟು ವರ್ಷದ ಅಭ್ಯಾಸವನ್ನೆಲ್ಲ ಮಣ್ಣುಪಾಲು ಮಾಡಬಲ್ಲದು. ಲೀಗ್ ಹಾಗಲ್ಲ. ಅಲ್ಲಿ ಪ್ರತಿಯೊಂದು ತಂಡವೂ ಉಳಿದ ಎಲ್ಲ ತಂಡಗಳನ್ನು ಎದುರಿಸಬೇಕು, ಒಮ್ಮೆ ತನ್ನ ಮೈದಾನದಲ್ಲಿ, ಇನ್ನೊಮ್ಮೆ ಎದುರಾಳಿಯ ಮೈದಾನದಲ್ಲಿ. 2024-25ನೆಯ ಸಾಲಿನಲ್ಲಿ ಭಾರತದ ಎರಡನೆಯ ಅಂತಸ್ತಾಗಿದ್ದ ಐ-ಲೀಗ್‌ನಲ್ಲಿ 12 ತಂಡಗಳಿದ್ದವು. ಎಂದರೆ ತಂಡವೊಂದಕ್ಕೆ 22 ಪಂದ್ಯಗಳು, ಒಟ್ಟು 132. ಗೆಲುವಿಗೆ 3 ಅಂಕ, ಸಮಕ್ಕೆ 1, ಸೋಲಿಗೆ ಏನೂ ಇಲ್ಲ. ಹಿಂದೆ ಗೆಲುವಿಗೆ 2 ಅಂಕಗಳಷ್ಟೇ ಇದ್ದ ಕಾಲದಲ್ಲಿ ಸಮ ಮಾಡಿಕೊಂಡು ಜಾರಿಕೊಳ್ಳುವ ಚಾಳಿ ಬೆಳೆಯಿತೆಂದು ಇಂಗ್ಲೆಂಡ್ 1981ರಲ್ಲಿ ಮೂರನೆಯ ಅಂಕವನ್ನು ಸೇರಿಸಿತು. ಮೆಲ್ಲಮೆಲ್ಲನೆ ಜಗತ್ತೆಲ್ಲ ಅದನ್ನು ಅನುಸರಿಸಿತು. ತಿಂಗಳುಗಟ್ಟಲೆ ನಡೆಯುವ ಈ ಲೆಕ್ಕದಲ್ಲಿ ಒಂದು ದಿನದ ಅದೃಷ್ಟ ಕರಗಿಹೋಗಿ ತಂಡದ ನಿಜವಾದ ಬೆಲೆ ಉಳಿಯುತ್ತದೆ.

ಕೊನೆಗೆ ಮೇಲಿದ್ದವರಿಗೆ ಬಡ್ತಿ, ಕೆಳಗಿದ್ದವರಿಗೆ ಹಿಂಬಡ್ತಿ. ಕಚೇರಿಯ ಈ ಎರಡು ಮಾತುಗಳೇ ಇಲ್ಲಿ ಎಲ್ಲವನ್ನೂ ಹೇಳುತ್ತವೆ. ಕಚೇರಿಯಲ್ಲಿ ಹಿಂಬಡ್ತಿ ಅಪರೂಪ. ಲೀಗ್‌ನಲ್ಲಿ ಅದು ವರ್ಷವರ್ಷವೂ ತಪ್ಪದ ವಿಧಿ, ಅಷ್ಟೇ ವ್ಯತ್ಯಾಸ. ಎರಡನೆಯ ಅಂತಸ್ತಿನ ವಿಶೇಷವೆಂದರೆ ಅದಕ್ಕೆ ಎರಡು ಕಡೆಯೂ ಬಾಗಿಲು. ಮೇಲಿನ ಲೀಗ್‌ನವನಿಗೆ ಬೀಳುವ ಭಯ ಮಾತ್ರ, ತೀರ ಕೆಳಗಿನವನಿಗೆ ಏರುವ ಆಸೆ ಮಾತ್ರ. ನಡುವಿನವನಿಗೆ ಆಸೆಯೂ ಉಂಟು, ಭಯವೂ ಉಂಟು. ಆದ್ದರಿಂದಲೇ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಡೆಯುವ ಕೊನೆಯ ಸುತ್ತಿನ ಪಂದ್ಯಗಳಲ್ಲಿ ಎಂಟನೆಯ ಸ್ಥಾನದ ತಂಡವೂ ಪ್ರಾಣ ಒತ್ತೆಯಿಟ್ಟು ಆಡುವುದನ್ನು ಕಾಣಬಹುದು.

ಈ ವ್ಯವಸ್ಥೆ ಒಂದೇ ದಿನದಲ್ಲಿ ರೂಪುಗೊಂಡುದಲ್ಲ. ಇಂಗ್ಲೆಂಡಿನಲ್ಲಿ 1888ರಲ್ಲಿ 12 ತಂಡಗಳ ಲೀಗ್ ಹುಟ್ಟಿತು. 1892ರಲ್ಲಿ ಅದಕ್ಕೊಂದು ಎರಡನೆಯ ವಿಭಾಗ ಸೇರಿತು. ಆರಂಭದಲ್ಲಿ ಅಂಕಗಳಿಂದಲೇ ಬಡ್ತಿ ದೊರೆಯುತ್ತಿರಲಿಲ್ಲ. ಮೇಲಿನ ವಿಭಾಗದ ಕೊನೆಯ ತಂಡಗಳಿಗೂ ಕೆಳಗಿನ ವಿಭಾಗದ ಮೊದಲ ತಂಡಗಳಿಗೂ ಪರೀಕ್ಷಾ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. 1898ರಲ್ಲಿ ಸ್ಟೋಕ್ ಮತ್ತು ಬರ್ನ್ಲಿ ತಂಡಗಳು ಕೊನೆಯ ಪರೀಕ್ಷಾ ಪಂದ್ಯಕ್ಕೆ ನಿಂತಾಗ, ಸಮವಾದರೆ ಸಾಕು, ಎರಡೂ ಮೇಲಿನ ವಿಭಾಗದಲ್ಲಿ ಇರಬಹುದೆಂಬ ಲೆಕ್ಕ ಇಬ್ಬರಿಗೂ ತಿಳಿದಿತ್ತು. ಮುಂದೇನಾಯಿತೆಂದು ಓದುಗರು ಊಹಿಸಬಹುದು. ಗೋಲಿನತ್ತ ಒಂದು ಒದೆತವೂ ಬೀಳದೆ ತೊಂಬತ್ತು ನಿಮಿಷಗಳು ಕಳೆದುವೆಂದು ಪ್ರತೀತಿ. ಪ್ರೇಕ್ಷಕರ ರೋಷವನ್ನು ಬಣ್ಣಿಸಬೇಕಾದುದಿಲ್ಲ. ಆ ಅವಮಾನದ ಫಲವಾಗಿ ಪರೀಕ್ಷಾ ಪಂದ್ಯಗಳು ರದ್ದಾಗಿ, ಅಂಕಪಟ್ಟಿಯೇ ಬಡ್ತಿ ಹಿಂಬಡ್ತಿಗಳನ್ನು ನಿರ್ಣಯಿಸುವ ನೇರವಾದ ಪದ್ಧತಿ ಜಾರಿಗೆ ಬಂದಿತು.

ಅದೇ ಎರಡನೆಯ ವಿಭಾಗ ಮುಂದೆ ಬೆಳೆದು ಚಾಂಪಿಯನ್‌ಶಿಪ್ ಎಂಬ ಹೆಸರು ಪಡೆಯಿತು. 24 ತಂಡಗಳು, ತಂಡವೊಂದಕ್ಕೆ 46 ಪಂದ್ಯಗಳು. ಮೇಲಿನಿಂದ ಅಲ್ಲಿಗೆ ಬಿದ್ದ ತಂಡಕ್ಕೆ ಕೆಲವು ವರ್ಷ ವಿಶೇಷ ಹಣ ಸಲ್ಲುತ್ತದೆ. ವಿಮಾನದಿಂದ ಧುಮುಕುವವನ ಛತ್ರಿಯನ್ನು ನೆನೆದು ಅದಕ್ಕೆ ಪ್ಯಾರಾಚೂಟ್ ಹಣವೆಂದೇ ಹೆಸರಿಟ್ಟಿದ್ದಾರೆ. ಬಿದ್ದವನ ಕಾಲು ಮುರಿಯಬಾರದೆಂಬ ಕರುಣೆ ಇದು. ಛತ್ರಿಯಿಲ್ಲದೆ ಅದೇ ಲೀಗ್‌ನಲ್ಲಿ ಹೆಣಗುವ ಬಡ ತಂಡಗಳಿಗೆ ಇದು ಅನ್ಯಾಯವೆಂಬ ದೂರೂ ಉಂಟು. ಆ ದೂರಿನಲ್ಲಿ ಸತ್ಯಾಂಶವಿಲ್ಲವೆನ್ನಲಾಗದು.

ಭಾರತಕ್ಕೂ ಈ ಏಣಿ ಹೊಸದಲ್ಲ. 1898ರಲ್ಲಿ ಆರಂಭವಾದ ಕಲಕತ್ತೆಯ ಲೀಗ್‌ನಲ್ಲಿ ಎರಡನೆಯ ವಿಭಾಗದಿಂದ ಏರಿಬಂದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ, ಮೊದಲನೆಯ ವಿಭಾಗದಲ್ಲಿ ಕಾಲಿಟ್ಟ 1934ರ ವರ್ಷವೇ ಪ್ರಶಸ್ತಿಯನ್ನು ಗೆದ್ದು, 1938ರವರೆಗೆ ಸತತ ಐದು ಸಲ ಅದನ್ನು ಬಿಟ್ಟುಕೊಡಲಿಲ್ಲ. ಅಂಥ ತಂಡವನ್ನು 1937ರ ರೋವರ್ಸ್ ಕಪ್ ಅಂತಿಮ ಪಂದ್ಯದಲ್ಲಿ ಸೋಲಿಸಿದವರು ಯಾರು? ಬೆಂಗಳೂರು ಮುಸ್ಲಿಮ್ಸ್. ಮುಂಬಯಿಯ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿ ಕನ್ನಡನಾಡಿನ ರಾಜಧಾನಿಯದು.

ದೇಶವ್ಯಾಪಿಯಾದ ಲೀಗ್ ಬಂದುದು ತಡವಾಗಿ. 1996ರಲ್ಲಿ ರಾಷ್ಟ್ರೀಯ ಲೀಗ್, 2007ರಲ್ಲಿ ಅದರ ಸ್ಥಾನಕ್ಕೆ ಐ-ಲೀಗ್. ಆಗ ಐ-ಲೀಗ್ ಮೊದಲ ಅಂತಸ್ತು. ಅದರ ಎರಡನೆಯ ವಿಭಾಗದಿಂದ 2010ರಲ್ಲಿ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯ ತಂಡ ಮೇಲೇರಿತು. ವಿಮಾನ ಕಟ್ಟುವ ಸಂಸ್ಥೆಯ ತಂಡ ಲಕ್ಷಾಂತರ ಸಂಬಳದ ಪರದೇಶದ ಆಟಗಾರರಿದ್ದ ತಂಡಗಳೊಡನೆ ಎರಡು ವರ್ಷ ಸೆಣಸಿ 2012ರಲ್ಲಿ ಕೆಳಗಿಳಿಯಿತು. ಮರುವರ್ಷ, 2013ರಲ್ಲಿ, ಬೆಂಗಳೂರು ಎಫ್.ಸಿ. ಎಂಬ ಹೊಸ ತಂಡ ಹುಟ್ಟಿತು. ಉದ್ಯಮ ಸಂಸ್ಥೆಯೊಂದರ ಬೆಂಬಲವಿದ್ದ ಅದಕ್ಕೆ ಕೆಳಗಿನ ಮೆಟ್ಟಿಲುಗಳನ್ನು ಹತ್ತುವ ಅಗತ್ಯ ಬೀಳಲಿಲ್ಲ. ನೇರವಾಗಿ ಮೇಲಿನ ಲೀಗ್‌ಗೆ ಪ್ರವೇಶ ದೊರೆಯಿತು. ಮೊದಲ ವರ್ಷವೇ ಪ್ರಶಸ್ತಿ, 2015-16ರಲ್ಲಿ ಮತ್ತೊಮ್ಮೆ. 2016ರಲ್ಲಿ ಏಷ್ಯಾದ ಎ.ಎಫ್.ಸಿ. ಕಪ್ ಅಂತಿಮ ಪಂದ್ಯವನ್ನೂ ಆಡಿತು. ಆ ಆಟ ಶ್ಲಾಘ್ಯವೇ. ಆದರೆ ಒಂದೇ ಊರಿನ ಎರಡು ತಂಡಗಳಲ್ಲಿ ಒಂದು ಏಣಿಯಿಂದ ಬಂದು ಬಿದ್ದಿತು, ಇನ್ನೊಂದು ನೇರವಾಗಿ ಮಹಡಿಗೆ ಬಂದು ನಿಂತಿತು ಎಂಬುದನ್ನು ಗಮನಿಸದಿರುವುದು ಹೇಗೆ?

ಮಹಡಿಯ ಮಾತು ಬಂದುದರಿಂದ ಇಂಡಿಯನ್ ಸೂಪರ್ ಲೀಗ್‌ನ ಕಥೆಯನ್ನೂ ಹೇಳಬೇಕು. 2014ರಲ್ಲಿ ಅದು ಆರಂಭವಾದುದು ಪ್ರೊ ಕಬಡ್ಡಿಯ ರೀತಿಯಲ್ಲಿ, ಎಂದರೆ ತಂಡಗಳ ಒಡೆತನವನ್ನು ಹಣ ತೆತ್ತು ಪಡೆಯುವ ಮುಚ್ಚಿದ ಲೀಗ್ ಆಗಿ. ಕಬಡ್ಡಿಯಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡವೂ ಮರುವರ್ಷ ಅದೇ ವೈಭವದಿಂದ ಬರುತ್ತದೆಂಬುದನ್ನು ಕಬಡ್ಡಿಪ್ರಿಯರಾದ ಈ ಸೀಮೆಯವರು ಬಲ್ಲರು. ಬೀಳುವ ಭಯವಿಲ್ಲದ ಲೀಗ್‌ನಲ್ಲಿ ಹಣ ಹೂಡುವವನಿಗೆ ನೆಮ್ಮದಿ. ಕೆಳಗಿನಿಂದ ಏರಬೇಕೆನ್ನುವವನಿಗೆ ಗೋಡೆ. ಎರಡು ಲೀಗ್‌ಗಳು ಕೆಲವು ವರ್ಷ ಅಕ್ಕಪಕ್ಕದಲ್ಲಿ ನಡೆದುವು. 2019ರಲ್ಲಿ ಏಷ್ಯಾದ ಕಾಲ್ಚೆಂಡು ಒಕ್ಕೂಟ ನಡುವೆ ನಿಂತು ಒಂದು ದಾರಿಯನ್ನು ಹಾಕಿಕೊಟ್ಟಿತು. ಸೂಪರ್ ಲೀಗ್ ಮೊದಲನೆಯದು, ಐ-ಲೀಗ್ ಎರಡನೆಯದು, 2022-23ರಿಂದ ಐ-ಲೀಗ್ ಗೆದ್ದವರಿಗೆ ಮೇಲಿನ ಬಾಗಿಲು ತೆರೆಯತಕ್ಕದ್ದು. ಆ ಪ್ರಕಾರ 2023ರಲ್ಲಿ ಪಂಜಾಬ್ ತಂಡವೂ 2024ರಲ್ಲಿ ಮೇಲೆ ಹೇಳಿದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವೂ ಏರಿದುವು. ಆದರೆ 2024-25ರ ಕೊನೆಗೂ ಸೂಪರ್ ಲೀಗ್‌ನಿಂದ ಯಾರೂ ಕೆಳಗಿಳಿದಿರಲಿಲ್ಲ. ಬಡ್ತಿ ಬಂದಿತು, ಹಿಂಬಡ್ತಿ ಬರಲಿಲ್ಲ. ಒಂದು ಕಾಲಿನ ಏಣಿ ಎಷ್ಟು ದಿನ ನಿಂತೀತು?

ಮೇಲಿನ ಬಾಗಿಲು ತೆರೆದಿದ್ದರೂ ಅಂಕಗಳಿಂದಷ್ಟೇ ಒಳಗೆ ಹೋಗಲಾಗದು. ಕ್ಲಬ್ ಪರವಾನಗಿ ಎಂಬ ಇನ್ನೊಂದು ಪರೀಕ್ಷೆಯುಂಟು. ಆಟ, ಮೈದಾನ ಮುಂತಾದ ಅನುಕೂಲ, ಸಿಬ್ಬಂದಿ, ಕಾನೂನು, ಹಣಕಾಸು ಎಂಬ ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ಎಳೆಯರ ತಂಡಗಳನ್ನು ಬೆಳೆಸುತ್ತಿರುವಿರಾ, ತರಬೇತುದಾರನಿಗೆ ಅರ್ಹತಾಪತ್ರವಿದೆಯೇ, ಆಟಗಾರರ ಸಂಬಳ ಬಾಕಿಯಿದೆಯೇ ಎಂದು ಕೇಳುತ್ತಾರೆ. ಮೂರನೆಯ ಪ್ರಶ್ನೆಗೆ ಧೈರ್ಯದಿಂದ ಉತ್ತರ ಹೇಳುವುದು ಎರಡನೆಯ ಅಂತಸ್ತಿನಲ್ಲಿ ಸುಲಭವಲ್ಲ. ಟಿಕೆಟ್ಟಿನ ಆದಾಯ ಅತ್ಯಲ್ಪ. ದೂರದರ್ಶನದಿಂದ ಬರುವ ಹಣದ ಮಾತಂತೂ ಎತ್ತದಿರುವುದೇ ಲೇಸು. ವೆಚ್ಚವೋ ಮೇಲಿನವರಂತೆಯೇ. ಬೆಂಗಳೂರಿನ ತಂಡ ಈ ವಾರ ಶ್ರೀನಗರದ ಚಳಿಯಲ್ಲಿ ಆಡಿ, ಮುಂದೆ ಐಜ್ವಾಲದ ಬೆಟ್ಟ ಹತ್ತಬೇಕು. ಇಪ್ಪತ್ತೈದು ಮಂದಿ ಆಟಗಾರರು, ಅವರ ಊಟ, ವಸತಿ, ವಿಮಾನ, ವೈದ್ಯ, ಅಂಗಮರ್ದಕ ಎಲ್ಲವೂ ಮಾಲೀಕನ ಜೇಬಿನಿಂದ ಅಥವಾ ಜಾಹೀರಾತು ಕೊಡುವ ಸಂಸ್ಥೆಯ ಔದಾರ್ಯದಿಂದ ನಡೆಯತಕ್ಕವು.

ಹಾಗಾದರೆ ಇಲ್ಲಿ ಆಡುವವರು ಯಾರು? ಮೂರು ಬಗೆಯವರು. ಮೇಲಿನ ಕ್ಲಬ್‌ಗಳು ಆಟ ಪಕ್ವವಾಗಲೆಂದು ಒಂದು ಸಾಲಿನ ಮಟ್ಟಿಗೆ ಎರವಲು ಕಳುಹಿಸಿದ ತರುಣರು. ಮೇಲಿನಿಂದ ಬಿಡುಗಡೆ ಹೊಂದಿ ಇನ್ನೆರಡು ವರ್ಷ ದುಡಿಯಬೇಕಾದ ಅನುಭವಿಗಳು. ರಾಜ್ಯದ ಲೀಗ್‌ಗಳಲ್ಲಿ ಕಣ್ಣಿಗೆ ಬಿದ್ದು ಮೊದಲ ಸಲ ಸಂಬಳದ ಕಾಗದಕ್ಕೆ ಸಹಿ ಹಾಕಿದ ಹುಡುಗರು. ತಂಡ ಕೆಳಗಿಳಿದಾಗ ಹೆಚ್ಚು ನೋಯುವವರು ಈ ಕೊನೆಯವರೇ. ಒಪ್ಪಂದಗಳು ಬಹುಮಟ್ಟಿಗೆ ಒಂದೆರಡು ವರ್ಷದವು; ಆಯವ್ಯಯ ಕುಗ್ಗಿದೊಡನೆ ಮೊದಲು ಕತ್ತರಿ ಬೀಳುವುದು ಅಲ್ಲಿಗೆ.

ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರಿನ ಕಥೆಯಿಂದ ಇದು ಸ್ಪಷ್ಟವಾಗುತ್ತದೆ. ಆ ಹೊಸ ತಂಡ ಬೆಂಗಳೂರಿನ ಸೂಪರ್ ಡಿವಿಜನ್ ಗೆದ್ದು, ಮೂರನೆಯ ಅಂತಸ್ತಾದ ಐ-ಲೀಗ್ 2ನ್ನು 2023-24ರಲ್ಲಿ ಗೆದ್ದು, ಎರಡನೆಯ ಅಂತಸ್ತಿಗೆ ಏರಿತು. ಯಾರಿಗೂ ಹಣ ಕೊಟ್ಟು ಅಲ್ಲ, ಎಚ್.ಎ.ಎಲ್. ತಂಡದಂತೆ ಒಂದೊಂದೇ ಮೆಟ್ಟಿಲು ಹತ್ತಿ. ಅದರೊಡನೆ ಎರಡನೆಯ ಸ್ಥಾನದಿಂದ ಬಡ್ತಿ ಪಡೆದುದು ಗೋವೆಯ ಡೆಂಪೊ. ಐದು ಸಲ ದೇಶದ ಪ್ರಶಸ್ತಿ ಗೆದ್ದು, 2015ರಲ್ಲಿ ಕೆಳಗೆ ಬಿದ್ದಿದ್ದ ಹಳೆಯ ಹುಲಿ. ಹೊಸಬನೂ ಹಳಬನೂ ಒಂದೇ ಮೆಟ್ಟಿಲಿನಲ್ಲಿ ಸಂಧಿಸಿದ ಆ ಗಳಿಗೆ ಏಣಿಯ ಸೊಗಸು. ಆದರೆ ಒಂದೇ ವರ್ಷದಲ್ಲಿ, 2025ರ ಏಪ್ರಿಲ್‌ನಲ್ಲಿ, ಬೆಂಗಳೂರಿನ ತಂಡ ಕೊನೆಯ ಎರಡು ಸ್ಥಾನಗಳಲ್ಲೊಂದಕ್ಕೆ ಜಾರಿ, ದೆಹಲಿಯ ತಂಡವೊಂದರೊಡನೆ ಹಿಂಬಡ್ತಿ ಹೊಂದಿತು. ಇಲ್ಲಿ ಪ್ಯಾರಾಚೂಟ್ ಇರಲಿಲ್ಲ.

ಅದೇ ಸಾಲಿನಲ್ಲಿ ಅಂಕಪಟ್ಟಿಯ ಮೇಲ್ತುದಿಯಲ್ಲಿ ನಡೆದುದು ಇನ್ನೂ ವಿಚಿತ್ರ. ಏಪ್ರಿಲ್ 6ರಂದು ಪಂದ್ಯಗಳು ಮುಗಿದಾಗ ಗೋವೆಯ ಚರ್ಚಿಲ್ ಬ್ರದರ್ಸ್‌ಗೆ 40 ಅಂಕ, ಕಾಶಿಯ ಇಂಟರ್ ಕಾಶಿಗೆ 39. ಆದರೆ ಜನವರಿಯಲ್ಲಿ ನಾಮಧಾರಿ ತಂಡದೆದುರು ಕಾಶಿಯವರು ಸೋತ ಪಂದ್ಯದಲ್ಲಿ ಎದುರಾಳಿಗಳು ಅನರ್ಹ ಆಟಗಾರನೊಬ್ಬನನ್ನು ಇಳಿಸಿದ್ದರೆಂಬ ತಕರಾರು ಇತ್ಯರ್ಥವಾಗದೆ ಉಳಿದಿತ್ತು. ಒಂದು ಸಮಿತಿ ಕಾಶಿಯವರ ಪರ, ಮೇಲ್ಮನವಿ ಸಮಿತಿ ವಿರುದ್ಧ. ಚರ್ಚಿಲ್ ತಂಡವನ್ನು ವಿಜೇತವೆಂದು ಘೋಷಿಸಿಯೂ ಆಯಿತು. ಇಂಟರ್ ಕಾಶಿ ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ಕ್ರೀಡಾ ನ್ಯಾಯಮಂಡಲಿಯ ಬಾಗಿಲು ತಟ್ಟಿತು. 2025ರ ಜುಲೈ 18ರಂದು ತೀರ್ಪು ಬಂದು ಪ್ರಶಸ್ತಿ ಕಾಶಿಯ ಪಾಲಾಯಿತು. ಜಾತ್ರೆಯ ಕಣದಲ್ಲಿ ಯಾರ ಬೆನ್ನು ಮಣ್ಣಿಗೆ ತಾಗಿತೆಂಬುದನ್ನು ಸುತ್ತ ನೆರೆದವರೇ ಕಂಡು ತೀರ್ಮಾನಿಸುತ್ತಾರೆ. ಇಲ್ಲಿ ಬೇಸಗೆ ಮುಗಿದು ಮಳೆಗಾಲ ಬಂದರೂ ಗೆದ್ದವರು ಯಾರೆಂಬುದು ತಿಳಿದಿರಲಿಲ್ಲ. ಸಾಲದುದಕ್ಕೆ ಅದೇ ಜುಲೈ ತಿಂಗಳಲ್ಲಿ, ಒಪ್ಪಂದದ ನವೀಕರಣವಾಗದೆ, ಸೂಪರ್ ಲೀಗ್‌ನ ಮುಂದಿನ ಸಾಲನ್ನೇ ತಡೆಹಿಡಿಯಲಾಯಿತು. ಏರಲು ಹೋದವನಿಗೆ ಮಹಡಿಯೇ ಅಲುಗಾಡುವುದನ್ನು ಕಾಣುವ ಯೋಗ.

ಇಷ್ಟೆಲ್ಲ ಗೋಜಲಿನ ನಡುವೆಯೂ ಈ ಏಣಿ ಏನು ಮಾಡಬಲ್ಲದೆಂಬುದನ್ನು ತಿಳಿಯಲು ಮಿಜೋರಾಮಿನತ್ತ ನೋಡಬೇಕು. ಐಜ್ವಾಲ್ ಎಫ್.ಸಿ. 2016ರಲ್ಲಿ ಐ-ಲೀಗ್‌ನಿಂದ ಹಿಂಬಡ್ತಿ ಹೊಂದಿದ ತಂಡ. ಗೋವೆಯ ತಂಡಗಳು ಲೀಗ್ ಬಿಟ್ಟುಹೋದುದರಿಂದ ಅದಕ್ಕೆ ಮತ್ತೆ ಸ್ಥಾನ ದೊರೆಯಿತು. ಮರುವರ್ಷ, 2017ರ ಏಪ್ರಿಲ್ 30ರಂದು, ಶಿಲ್ಲಾಂಗ್ ಲಾಜೊಂಗ್ ತಂಡದೊಡನೆ 1-1 ಸಮ ಮಾಡಿಕೊಂಡು, ಮೋಹನ್ ಬಗಾನ್‌ಗಿಂತ ಒಂದೇ ಒಂದು ಅಂಕ ಹೆಚ್ಚು ಪಡೆದು ಅದು ದೇಶದ ಚಾಂಪಿಯನ್ ಆಯಿತು. ಆಗ ಅದರ ತರಬೇತುದಾರರಾಗಿದ್ದ ಖಾಲಿದ್ ಜಮೀಲ್ 2025ರ ಆಗಸ್ಟ್‌ನಲ್ಲಿ ಭಾರತ ತಂಡದ ತರಬೇತುದಾರರಾಗಿ ನೇಮಕಗೊಂಡರು. ಇದೆಲ್ಲ ಪವಾಡವಲ್ಲ. ಮಿಜೋರಾಮಿನಲ್ಲಿ 2012ರಿಂದ ಒಂದು ರಾಜ್ಯ ಲೀಗ್ ನಡೆದುಬಂದಿತ್ತು. ಹುಡುಗನೊಬ್ಬನಿಗೆ ತನ್ನ ಓಣಿಯಿಂದ ಮುಂದಿನ ಮೆಟ್ಟಿಲು ಎಲ್ಲಿದೆಯೆಂಬುದು ಕಣ್ಣಿಗೆ ಕಾಣುತ್ತಿತ್ತು.

2011ರ ಜನಗಣತಿಯಂತೆ ಇಡೀ ಮಿಜೋರಾಮಿನ ಜನಸಂಖ್ಯೆ 11 ಲಕ್ಷಕ್ಕೂ ತುಸು ಕಡಿಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನೊಳಗೊಂಡ ವಿಜಯಪುರ ಜಿಲ್ಲೆಯೊಂದರದೇ 21 ಲಕ್ಷ 77 ಸಾವಿರ. ಕೊರತೆ ಕಾಲುಗಳದ್ದಲ್ಲ. ಈ ಸೀಮೆಯಿಂದ ಗೋವೆಗೆ ದುಡಿಯಲು ಹೋದ ಕುಟುಂಬಗಳು ಎಷ್ಟಿಲ್ಲ! ಅಲ್ಲಿ ಬೆಳೆದ ಮಕ್ಕಳ ಸುತ್ತ ಡೆಂಪೊ, ಚರ್ಚಿಲ್ ಎಂಬ ಹೆಸರುಗಳ ಕಾಲ್ಚೆಂಡು ನಾಡೇ ಇದೆ. ಅವರ ದಾಯಾದಿ ತಮ್ಮಂದಿರು ಊರಿನಲ್ಲಿ ಉಳಿದರೆ ಅವರಿಗೆ ದೊರೆಯುವುದು ಶಾಲಾ ಕ್ರೀಡಾಕೂಟ. ತಾಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ ಎಂದು ಏರುವ ಆ ಸರಣಿಯಲ್ಲಿ ಒಮ್ಮೆ ಸೋತರೆ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು. ಶಾಲೆ ಬಿಟ್ಟ ಮೇಲೆ ಅದೂ ಇಲ್ಲ.

ರಾಜ್ಯದ ಏಣಿಯ ಕೆಳಗಿನ ಮೆಟ್ಟಿಲುಗಳು ಬೆಂಗಳೂರಿನಲ್ಲಿವೆ. ಸಿ ಡಿವಿಜನ್, ಬಿ, ಎ, ಅದರ ಮೇಲೆ ಸೂಪರ್ ಡಿವಿಜನ್. 2024-25ರಲ್ಲಿ ಅಲ್ಲಿಂದ ಮುಂದೆ ಇದ್ದುವು ಐ-ಲೀಗ್ 3, ಐ-ಲೀಗ್ 2, ಮತ್ತೆ ಎರಡನೆಯ ಅಂತಸ್ತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಅನಂತರ ಸಂತೋಷ್ ಟ್ರೋಫಿಯನ್ನು ಕರ್ನಾಟಕಕ್ಕೆ ತಂದ ಗೆಲುವಿನ ಹಿಂದೆಯೂ ಈ ಲೀಗ್‌ಗಳ ಪೋಷಣೆಯಿತ್ತು. ಆದರೆ ಸಿಂದಗಿಯ ಹುಡುಗ ಮೊದಲನೆಯ ಮೆಟ್ಟಿಲನ್ನು ಮುಟ್ಟಬೇಕಾದರೆ ಐದುನೂರಕ್ಕೂ ಹೆಚ್ಚು ಕಿಲೋಮೀಟರು ರಾತ್ರಿಯ ಪ್ರಯಾಣ ಮಾಡಿ, ಬೆಂಗಳೂರಿನಲ್ಲಿ ಬಾಡಿಗೆಯ ಕೋಣೆ ಹಿಡಿದು, ಹೊಟ್ಟೆಗೆ ಬೇರೊಂದು ಕೆಲಸ ನೋಡಿಕೊಳ್ಳಬೇಕು. ಇಷ್ಟು ಸಾಹಸ ಮಾಡುವ ತಂದೆತಾಯಿಗಳು ಎಷ್ಟು ಮಂದಿ?

ಸ್ಥಳೀಯ ಲೀಗ್ ಒಂದಕ್ಕೆ ಬೇಕಾದುದು ಬಹಳವೇನೂ ಅಲ್ಲ. ಈ ನಾಲ್ಕು ಊರುಗಳಿಂದ ಎರಡೆರಡು ತಂಡಗಳೆಂದರೂ ಎಂಟು. ಒಮ್ಮೆ ತಮ್ಮಲ್ಲಿ, ಒಮ್ಮೆ ಎದುರಾಳಿಗಳಲ್ಲಿ ಆಡಿದರೆ ತಂಡವೊಂದಕ್ಕೆ 14 ಪಂದ್ಯಗಳು, ಒಟ್ಟು 56. ಭಾನುವಾರಕ್ಕೊಂದು ಸುತ್ತಿನಂತೆ 14 ವಾರಗಳು. ದೀಪಾವಳಿ ಕಳೆದು, ಎರೆಯ ನೆಲ ಆರಿ ಗಟ್ಟಿಯಾದ ಮೇಲೆ ಆರಂಭಿಸಿದರೆ ಬಿಸಿಲು ಕೆರಳುವ ಮೊದಲೇ ಮುಗಿಯುತ್ತದೆ. ಕೊನೆಯ ಎರಡು ತಂಡಗಳು ಇಳಿಯಲು, ಹೊಸ ಎರಡು ಏರಲು ಕೆಳಗೊಂದು ವಿಭಾಗ ಬೇಕು. ಅದಕ್ಕೆ ಪ್ರೌಢಶಾಲೆ ಕಾಲೇಜುಗಳ ಮೈದಾನಗಳು ಸಾಕು. ಗೋಲಿನ ಕಂಬಗಳು, ಬಲೆ, ಚೆಂಡು, ನಿಯಮ ಬಲ್ಲ ನಿರ್ಣಾಯಕರು, ತಪ್ಪದೆ ಬರೆದಿಡುವ ಒಂದು ಅಂಕಪಟ್ಟಿ. ಅತಿ ದೂರದ ಪ್ರಯಾಣವೆಂದರೆ ಇಂಡಿಯಿಂದ ಮುದ್ದೇಬಿಹಾಳಕ್ಕೆ. ಬೆಳಗಿನ ಬಸ್ಸು ಹಿಡಿದ ತಂಡ ಪಂದ್ಯ ಮುಗಿಸಿಕೊಂಡು ರಾತ್ರಿಯ ಊಟದ ಹೊತ್ತಿಗೆ ಮನೆ ಸೇರಬಹುದು.